ನೇಗಿಲು ಕಾಣದ ನೆಲ

ಹುಡುಗಿಯ ಬೂಟಿನ ದಾರಕ್ಕೆ ಹಸಿರು ಹುಲ್ಲಿನ ಎಸಳೊಂದು ಸಿಕ್ಕಿಕೊಂಡಿತ್ತು. ಬೇರೆ ಯಾರಾದರೂ ಆಗಿದ್ದರೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎಲ್ಡನ್ ವಾವ್ರಾ ನೋಡಿದ. ಅಕ್ಟೋಬರಿನ ಎರಡನೆಯ ವಾರ. ಹುಲ್ಲುಗಾವಲು ಕೇಂದ್ರದ ಸುತ್ತ ಹಬ್ಬಿದ ನೂರರವತ್ತು ಎಕರೆ ನೀಲಿದಂಟಿನ ಹುಲ್ಲು ತಾಮ್ರದ ಬಣ್ಣಕ್ಕೆ ತಿರುಗಿ ಆಗಲೇ ಹದಿನೈದು ದಿನವಾಗಿತ್ತು. ಹಸಿರು ಎಂಬುದು ಉಳಿದಿದ್ದರೆ ಅದು ಒಂದೇ ಕಡೆ, ಈಶಾನ್ಯದ ದಿಬ್ಬದ ಮೇಲಿನ ಹನ್ನೊಂದು ಎಕರೆಯಲ್ಲಿ. ಹಾಗಾದರೆ ಇವಳು ಬೆಳಗಾಗುತ್ತಲೇ ಅಲ್ಲಿಗೆ ಹೋಗಿ ಬಂದಿದ್ದಾಳೆ. ಹೋಗಿದ್ದಷ್ಟೇ ಅಲ್ಲ, ಏನನ್ನೋ ತಂದಿದ್ದಾಳೆ; ಅವಳ ಪಿಕಪ್ ಗಾಡಿಯ ಹಿಂಭಾಗದಲ್ಲಿ ತಾಡಪಾಲು ಹೊದಿಸಿದ ಉದ್ದನೆಯ ಪೆಟ್ಟಿಗೆ. "ಗುಡ್ ಮಾರ್ನಿಂಗ್, ವಾವ್ರಾ ಅವ್ರೆ" ಎಂದಳು ಗ್ರೆಚನ್. ಅಂದಳು ಸರಿ, ಆದರೆ ಮುಖ ನೋಡದೆ ಅಂದಳು. ಮೂರು ವಾರದ ಹಿಂದೆ ವಿಶ್ವವಿದ್ಯಾಲಯದಿಂದ ಮಣ್ಣು ಪರೀಕ್ಷೆಗೆಂದು ಬಂದ ದಿನ ಇದೇ ಹುಡುಗಿ ಅವನ ಮುಖವನ್ನೇ ನೋಡುತ್ತ ಒಂದು ಗಂಟೆ ಪ್ರಶ್ನೆ ಕೇಳಿದ್ದಳು: ಹುಲ್ಲನ್ನು ಯಾವ ತಿಂಗಳಲ್ಲಿ ಕೊಯ್ಯುತ್ತಿದ್ದಿರಿ, ಬೆಂಕಿ ಎಷ್ಟು ವರ್ಷಕ್ಕೊಮ್ಮೆ ಹಾಕುತ್ತಿದ್ದಿರಿ, ದನ ಬಿಡುತ್ತಿದ್ದಿರಾ. ಈಗ ಪ್ರಶ್ನೆಗಳು ನಿಂತಿವೆ. ಪ್ರಶ್ನೆ ನಿಂತಿತು ಎಂದರೆ ಉತ್ತರ ಸಿಕ್ಕಿತು ಎಂದೇ ಅರ್ಥ. "ಬೇಗ ಬಂದ್ಬಿಟ್ಟಿದ್ದೀಯ" ಎಂದ ಎಲ್ಡನ್. "ಹ್ಞೂಂ, ಇಬ್ಬನಿ ಇರುವಾಗ ಮಣ್ಣು ಚೆನ್ನಾಗಿ ಕಚ್ಚಿಕೊಂಡು ಬರುತ್ತೆ" ಎಂದು ಹೇಳಿ ಅವಳು ತಾಡಪಾಲಿನ ತುದಿಯನ್ನು ಇನ್ನಷ್ಟು ಕೆಳಗೆ ಎಳೆದಳು. ಎಳೆಯುವ ಅಗತ್ಯವೇ ಇರಲಿಲ್ಲ, ಅದು ನೆಟ್ಟಗೇ ಇತ್ತು.

ಒಳಗೆ ಹೋದರೆ ಅಲ್ಲೂ ಅದೇ ಪಾಡು. ಮುಂಬಾಗಿಲ ಮೇಜಿನ ಹಿಂದೆ ಕೂರುವ ಬರ್ನೀಸ್, ಅವನಂತೆಯೇ ಸಂಬಳವಿಲ್ಲದೆ ದುಡಿಯುವವಳು, ಅವನು ಬಾಗಿಲು ತೆರೆಯುತ್ತಲೇ ಕಿಸಕ್ಕನೆ ನಕ್ಕಳು. ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. "ಏನು?" ಎಂದ. "ಏನಿಲ್ಲಪ್ಪ, ನಿನ್ನ ಟೋಪಿ." "ಟೋಪಿಗೇನಾಗಿದೆ?" "ಏನಾಗಿಲ್ಲ, ಬಾ, ಕೊಲಾಚಿ ತಿನ್ನು. ಪ್ರೂನ್ ಹಾಕಿದ್ದೀನಿ, ನಿನಗಿಷ್ಟ ಅಂತ." ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ನಡುವೆ ಹಣ್ಣಿನ ಪಾಕ ತುಂಬಿದ ದುಂಡನೆಯ ಸಿಹಿ ಬನ್ನು. ಅವನ ಅಮ್ಮನೂ ಮಾಡುತ್ತಿದ್ದಳು. ಹೆಂಗಸರು ಒಳ್ಳೆಯ ಸುದ್ದಿಗೂ ಕೆಟ್ಟ ಸುದ್ದಿಗೂ ಮೊದಲು ಇದನ್ನೇ ಬಾಯಿಗಿಡುವುದು. "ಹಸಿವಿಲ್ಲ" ಎಂದ. "ಅಯ್ಯೋ, ಎಪ್ಪತ್ತೈದು ವರ್ಷದಲ್ಲಿ ಒಂದಿನ ನೀನು ಹಸಿವಿಲ್ಲ ಅಂದದ್ದು ನಾನು ಕೇಳಿಲ್ಲ. ಇರಲಿ ಬಿಡು. ಹನ್ನೆರಡಕ್ಕೆ ನೀನು ಕೋಣೆಗೆ ಬರ್ಬೇಕಂತೆ, ಮಾರ್ಲಿಸ್ ಅಂದ್ಲು." ಮಾರ್ಲಿಸ್ ಎಂದರೆ ಕೇಂದ್ರದ ಮುಖ್ಯಸ್ಥೆ. ಹನ್ನೆರಡು ವರ್ಷದಲ್ಲಿ ಅವಳು ಎಲ್ಡನ್‌ನನ್ನು ಕೋಣೆಗೆ ಕರೆದದ್ದು ಎರಡೇ ಸಲ, ಎರಡು ಸಲವೂ ನೆಲ ಒರೆಸುವವನು ರಜೆ ಹಾಕಿದ್ದಾಗ. "ಯಾತಕ್ಕಂತೆ?" ಎಂದು ಕೇಳಬಾರದೆಂದುಕೊಂಡೇ ಕೇಳಿದ. ಬರ್ನೀಸ್ ಭುಜ ಹಾರಿಸಿದಳು. "ನಂಗೇನ್ ಗೊತ್ತು. ಆ ಹುಡುಗಿ ಜೊತೆ ನಿನ್ನೆ ಬಾಗಿಲು ಹಾಕ್ಕೊಂಡು ಮಾತಾಡ್ತಿದ್ಲು." ಬರ್ನೀಸ್ ಮತ್ತೆ ಅವನ ತಲೆಯ ಕಡೆ ನೋಡಿ ತುಟಿ ಕಚ್ಚಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನಿಗೋ ಯಾರೂ ಇನ್ನೂ ಏನೂ ಅಂದಿರಲಿಲ್ಲ, ಆಗಲೇ ಕುತ್ತಿಗೆ, ಹೆಗಲು, ಬೆನ್ನು ಎಲ್ಲ ಬೆವರಿತ್ತು.

ಹಜಾರದ ಗೋಡೆಗೆ ತೂಗುಹಾಕಿದ ಬೇರಿನ ಕೆಳಗೆ ಹೋಗಿ ನಿಂತ. ಒಂದೇ ಒಂದು ಹುಲ್ಲಿನ ಬುಡದಿಂದ ಇಳಿದ ಬೇರು, ಛಾವಣಿಯಿಂದ ನೆಲದವರೆಗೆ, ಬಿಚ್ಚಿದ ಜಡೆಯ ಹಾಗೆ. ಪಕ್ಕದಲ್ಲಿ ಮರದ ಹಲಗೆ: *ವಾವ್ರಾ ಹುಲ್ಲುಗಾವಲು. ನೇಗಿಲು ಕಾಣದ ನೆಲ.* ಇಪ್ಪತ್ತು ವರ್ಷದಿಂದ ಅವನು ಈ ಹಲಗೆಯ ಮುಂದೆ ನಿಂತು ಜನಕ್ಕೆ ಹೇಳುತ್ತ ಬಂದಿದ್ದಾನೆ: ಈ ಜಿಲ್ಲೆಯಲ್ಲಿ ನೂರರಲ್ಲಿ ತೊಂಬತ್ತೆಂಟು ಪಾಲು ಹುಲ್ಲು ಮಗುಚಿ ಜೋಳವಾಯಿತು, ಸೋಯಾ ಆಯಿತು, ಇದೊಂದು ಉಳಿಯಿತು, ಯಾಕೆಂದರೆ ನನ್ನ ಅಜ್ಜ ಹಡಗಿನಿಂದಿಳಿದು ಬಂದು ಇದನ್ನು ತನ್ನ ಕುದುರೆಗಳ ಮೇವಿಗೆಂದು ಮೀಸಲಿಟ್ಟ, ಜುಲೈಯಲ್ಲಿ ಒಮ್ಮೆ ಕೊಯ್ಯುವುದು ಬಿಟ್ಟು ಬೇರೇನೂ ಮಾಡಬಾರದೆಂದು ಮಗನಿಂದ ಮಾತು ತೆಗೆದುಕೊಂಡ. ಇಲ್ಲಿಗೆ ಬಂದಾಗ ಹೆಂಗಸರು ಒಮ್ಮೆ 'ಓ' ಎನ್ನುತ್ತಾರೆ. ಆ 'ಓ' ಕೇಳಿದಾಗಲೆಲ್ಲ ಅವನಿಗೆ ಬಟ್ಟೆ ಹರಿದ ಸದ್ದು ಕೇಳುತ್ತದೆ. ನೂರಾರು ವರ್ಷದ ಬೇರಿನೊಳಗೆ ನೇಗಿಲು ಹೋಗುವಾಗ ಬರುವ ಸದ್ದು ಅದು, ಹೊಸ ಡೆನಿಮ್ ಬಟ್ಟೆಯನ್ನು ಇಬ್ಬರು ಹಿಡಿದು ಎಳೆದಂತೆ. ಹದಿನೇಳು ವಯಸ್ಸು ಆಗ. ಮೇ ತಿಂಗಳು. ಅಪ್ಪ ತನ್ನ ತಂಗಿಯ ಗಂಡ ಸತ್ತನೆಂದು ಮೂರು ದಿನಕ್ಕೆ ಬೇರೆ ಜಿಲ್ಲೆಗೆ ಹೋಗಿದ್ದ. ಊರಿನ ಧಾನ್ಯದ ಕಣಜದ ಹತ್ತಿರ ಗಂಡಸರು ಕಾಫಿ ಕುಡಿಯುತ್ತ, "ಏನಪ್ಪ ವಾವ್ರಾ, ನಿಮ್ಮಪ್ಪ ಇನ್ನೂ ಸತ್ತ ಕುದುರೆಗಳಿಗೆ ಹುಲ್ಲು ಬೆಳೀತಿದ್ದಾನಾ?" ಎಂದು ನಕ್ಕಿದ್ದರು. ಆ ನಗು ಹೊತ್ತು ಮನೆಗೆ ಬಂದು ಟ್ರ್ಯಾಕ್ಟರ್ ಹತ್ತಿದ. ಅಪ್ಪನಿಗೆ ಆಶ್ಚರ್ಯವಾಗಲಿ ಎಂದೇ ಹತ್ತಿದ. ಅದನ್ನು ನಂಬುವವರು ಯಾರು? ಅಪ್ಪ ಬೇರೆ ಹೊಲಗಳಲ್ಲಿ ನೇಗಿಲನ್ನು ಆರು ಇಂಚಿಗೆ ಇಡುತ್ತಿದ್ದ, ಒಂದು ಕೂದಲೆಳೆಯೂ ಕೆಳಗೆ ಬಿಡುತ್ತಿರಲಿಲ್ಲ. "ಆರಕ್ಕಿಂತ ಕೆಳಗೆ ಹೋದ್ರೆ ನೆಲದ ಕರುಳಿಗೆ ಕೈ ಹಾಕ್ದಂಗೆ" ಎನ್ನುತ್ತಿದ್ದ. ಎಲ್ಡನ್ ನೇಗಿಲಿನ ಆಳ ಹೊಂದಿಸುವ ಹಿಡಿಯನ್ನು ಇನ್ನೂ ಎರಡು ಹಲ್ಲು ಕೆಳಕ್ಕೆ ಒತ್ತಿದ. ಗಂಡಸಾಗಬೇಕಿತ್ತಲ್ಲ.

ಹತ್ತು ಗಂಟೆಗೆ ಲಿಂಕನ್ ಪಟ್ಟಣದಿಂದ ಬಸ್ಸು ಬಂತು. ಚರ್ಚಿನ ಹಿರಿಯರ ಬಳಗ, ಮೂವತ್ತೊಂದು ಜನ, ಅರ್ಧಕ್ಕರ್ಧ ಫುಟ್‌ಬಾಲ್ ತಂಡದ ಕೆಂಪು ಅಂಗಿ. ಎಲ್ಡನ್ ಬೇರು ತೋರಿಸಿದ, ಹಲಗೆ ಓದಿದ, 'ಓ' ಕೇಳಿದ. ಆಮೇಲೆ ಅಕ್ಟೋಬರಿನಲ್ಲಿ ಯಾವಾಗಲೂ ಮಾಡುವಂತೆ ಪಡುವಣ ದಾರಿಗೆ ತಿರುಗಿಸಿದ. ಮೂಡಣ ದಾರಿ ಹತ್ತಿರದ್ದು, ನೋಟವೂ ಅಲ್ಲೇ ಚೆಂದ, ಆದರೆ ಅದು ದಿಬ್ಬದ ಬುಡವನ್ನು ಮುಟ್ಟಿ ಹೋಗುತ್ತದೆ. "ಆ ಕಡೆ ಮುಟ್ಟಿದ್ರೆ ತುರಿಸೋ ಬಳ್ಳಿ ಜಾಸ್ತಿ" ಎಂದು ಹೇಳುವುದು ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಒಮ್ಮೊಮ್ಮೆ ಆ ಕಡೆ ನೋಡಿದರೇ ಅಂಗೈ ತುರಿಸುತ್ತಿತ್ತು. ಎದೆಮಟ್ಟದ ಹುಲ್ಲಿನ ನಡುವೆ ಸಾಲಾಗಿ ನಡೆದರು. ಗಾಳಿ ಬೀಸಿದಾಗ ಹುಲ್ಲು ಒಂದು ಕಡೆ ಒರಗಿ ಮತ್ತೆ ಎದ್ದಿತು. ಬೀಜದ ಕಂಪನಿಯ ಟೋಪಿ ಹಾಕಿದ ಮುದುಕನೊಬ್ಬ ಸಾಲು ಬಿಟ್ಟು ನಿಂತು ಹಣೆಗೆ ಕೈ ಅಡ್ಡ ಹಿಡಿದು ಈಶಾನ್ಯದ ಕಡೆ ನೋಡುತ್ತಿದ್ದ. ಅಂಗೈ ನೋಡಿದರೆ ಸಾಕು, ಅರವತ್ತು ವರ್ಷ ಹೊಲ ಮಾಡಿದವನು. "ಅಲ್ಲಯ್ಯ, ಆ ಮೂಲೆ ಯಾಕೆ ಇನ್ನೂ ಹಸ್ರಾಗಿದೆ?" ಎಂದ. ಮೂವತ್ತು ತಲೆ ತಿರುಗಿದವು. "ಅಲ್ಲೊಂದು ನೀರಿನ ಸೆಲೆ ಇದೆ" ಎಂದ ಎಲ್ಡನ್. ಬಾಯಿ ತಾನಾಗಿ ಅಂದಿತು. "ಎಲ್ಲಿ, ದಿಬ್ಬದ ನೆತ್ತಿ ಮೇಲಾ?" "ಹ್ಞೂಂ." "ತಗ್ಗು ಬಿಟ್ಟು ದಿಬ್ಬದ ಮೇಲೆ ನೀರು! ನಿಮ್ಮ ಜಿಲ್ಲೆಯ ನೀರಿಗೆ ಭಾರೀ ಸೊಕ್ಕು ಕಣಯ್ಯ" ಎಂದು ಮುದುಕ ಗಹಗಹಿಸಿ ನಕ್ಕ. ಅವನ ಹೆಂಡತಿ ಅವನ ತೋಳಿಗೆ ಹೊಡೆದಳು. ಉಳಿದವರೂ ನಕ್ಕರು. ಎಲ್ಡನ್ ಕೂಡ ನಕ್ಕ. ಮುದುಕನಿಗೆ ಗೊತ್ತಾಗಿದೆಯೇ, ಅಥವಾ ಸುಮ್ಮನೆ ಬಾಯಿಚಪಲವೇ? ಬಸ್ಸು ಹತ್ತುವವರೆಗೂ ಆ ಮನುಷ್ಯ ಎರಡು ಸಲ ತಿರುಗಿ ನೋಡಿದ. ಒಂದು ಸಲ ದಿಬ್ಬವನ್ನು, ಒಂದು ಸಲ ಎಲ್ಡನ್‌ನ ತಲೆಯನ್ನು.

ಆ ದಿಬ್ಬದ ಹುಲ್ಲು ದಕ್ಷಿಣದ ಬೀಜದ್ದು. ಅಷ್ಟೇ ಗುಟ್ಟು. ಉತ್ತ ಆ ವರ್ಷ ಅಪ್ಪ ಸಾವಿನ ಮನೆಯಿಂದ ಕರಿ ಕೋಟಿನಲ್ಲೇ ಬಂದು ದಿಬ್ಬ ಹತ್ತಿದ. ಮಗುಚಿಬಿದ್ದ ಕಪ್ಪು ಹೆಂಟೆಗಳ ಅಂಚಿಗೆ ನಿಂತ. ಬೈಯಲಿಲ್ಲ. ಬಗ್ಗಿ ಒಂದು ಹೆಂಟೆ ಎತ್ತಿ, ಹುಲ್ಲು ಮೇಲಾಗುವಂತೆ ತಿರುಗಿಸಿ, ಇದ್ದ ಜಾಗದಲ್ಲೇ ಇಟ್ಟು ಅಂಗೈಯಿಂದ ತಟ್ಟಿದ. ಇನ್ನೊಂದು ಎತ್ತಿದ, ಇಟ್ಟ. ಮೂರನೆಯದನ್ನು ಕೈಯಲ್ಲಿ ಹಿಡಿದು ತಲೆ ಎತ್ತಿ ಹನ್ನೊಂದು ಎಕರೆಯನ್ನೂ ನೋಡಿದ, ಅದನ್ನು ಕೆಳಗೆ ಹಾಕಿದ, ಮನೆಗೆ ನಡೆದ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಬೆಲ್ಟು ತೆಗೆದು ನಾಲ್ಕು ಬಾರಿಸಿದ್ದರೆ ಅವತ್ತಿಗೇ ಮುಗಿಯುತ್ತಿತ್ತು. ಆ ಕಾಲದಲ್ಲಿ ನಮ್ಮ ಕಡೆ ಜೋಳದ ಬೀಜ ಬೇಕೆಂದರೆ ಹತ್ತು ಅಂಗಡಿ, ಕಾಡುಹುಲ್ಲಿನ ಬೀಜ ಬೇಕೆಂದರೆ ಜನ ಹುಚ್ಚ ಎನ್ನುತ್ತಿದ್ದರು. ಅಪ್ಪ ಎಲ್ಲಿಂದಲೋ ವಿಳಾಸ ಹುಡುಕಿ ಟೆಕ್ಸಸಿನಿಂದ ಎಂಟು ಚೀಲ ತರಿಸಿದ, ಒಬ್ಬನೇ ಕೈಯಿಂದ ಎರಚಿದ. ನೀಲಿದಂಟಿನ ಹುಲ್ಲು ಎಂದರೆ ನೀಲಿದಂಟಿನ ಹುಲ್ಲು ಎಂದುಕೊಂಡ, ಪಾಪ. ಹುಲ್ಲು ಬಂತು, ದಟ್ಟವಾಗಿಯೇ ಬಂತು. ಆದರೆ ಬೆಚ್ಚಗಿನ ನಾಡಿನ ಬೀಜ. ಚಳಿ ತಡವಾಗಿ ಬರುತ್ತದೆಂದು ನಂಬಿಕೊಂಡ ಬೀಜ. ಐವತ್ತೆಂಟು ವರ್ಷವಾದರೂ ತನ್ನ ಊರಿನ ಪಂಚಾಂಗ ಬಿಟ್ಟಿಲ್ಲ. ಸುತ್ತಲಿನ ಹುಲ್ಲು ಕೆಂಪಾಗಿ ಒಣಗುವಾಗ ಅದೊಂದು ಹಸಿರಾಗಿ, ಉಳಿದದ್ದಕ್ಕಿಂತ ಒಂದು ಅಡಿ ಎತ್ತರವಾಗಿ, ಇಡೀ ಜಿಲ್ಲೆಗೆ ಕಾಣುವಂತೆ ನಿಂತಿರುತ್ತದೆ. ನಲವತ್ತಾರು ವರ್ಷ ಜೊತೆಗೆ ಸಂಸಾರ ಮಾಡಿದ ಹೆಂಡತಿ ಡೆಲೋರಿಸ್‌ಗೂ ಅವನು ಇದನ್ನು ಹೇಳಲಿಲ್ಲ. ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿ, "ನಿಮ್ಮ ದಿಬ್ಬಕ್ಕೆ ಮುಪ್ಪೇ ಇಲ್ಲ" ಎನ್ನುತ್ತಿದ್ದಳು.

ಆದರೆ ಉತ್ತದ್ದು ಹುಡುಗಾಟ ಎಂದು ಬಿಡಬಹುದು. ಬಿಡಲಾಗದ್ದು ಇನ್ನೊಂದು. ಭೂಮಿ ಕೊಳ್ಳಲು ಹುಲ್ಲುಗಾವಲು ಸಂರಕ್ಷಣಾ ಸಂಸ್ಥೆಯವರು ಬಂದಾಗ ಅಪ್ಪನಿಗೆ ಎಂಬತ್ತನಾಲ್ಕು, ಮೂಗಿಗೆ ಆಮ್ಲಜನಕದ ಕೊಳವೆ. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡ ಮನುಷ್ಯ, "ಈ ಜಾಗದಲ್ಲಿ ಯಾವಾಗಾದ್ರೂ ನೇಗಿಲು ಹಾಕಿದ್ದಿದೆಯಾ?" ಎಂದ. ಅಪ್ಪ ಎಲ್ಡನ್‌ನ ಕಡೆ ನೋಡಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಮಾತಿಗೆ ಬಾಗಿಲು ತೆರೆದಿತ್ತು. ನೀನೇ ಹೇಳು ಎನ್ನುವಂತೆ ನೋಡಿದ. ಎಲ್ಡನ್ "ಇಲ್ಲ, ಯಾವತ್ತೂ ಇಲ್ಲ" ಎಂದ. ಅಪ್ಪ ಕಿಟಕಿಗೆ ಮುಖ ತಿರುಗಿಸಿದ. ಮನುಷ್ಯ ಹೋದಮೇಲೆ ಅಪ್ಪ ಅಂದದ್ದು ಎರಡೇ ಪದ: "ಕಾಫಿ ಆರಿಹೋಯ್ತು." ಸಹಿ ಹಾಕಿದ್ದು ಅಪ್ಪ. ಆ ಸುಳ್ಳಿನ ಕೆಳಗೆ ಇವತ್ತಿಗೂ ಇರುವುದು ಅಪ್ಪನ ನಡುಗುವ ಹೆಸರು.

ಹನ್ನೆರಡು ಹೊಡೆಯಲು ಐದು ನಿಮಿಷವಿರುವಾಗಲೇ ಎಲ್ಡನ್ ಮಾರ್ಲಿಸಳ ಬಾಗಿಲಲ್ಲಿದ್ದ. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಕೊಳವೆಯೊಂದರಲ್ಲಿ ಮಣ್ಣು. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಆಗ ನೋಡಿದ: ಟೋಪಿಯ ಹಿಂದೆ ಅಂಗಡಿಯ ಬೆಲೆ ಚೀಟಿ ಹಾಗೇ ತೂಗಾಡುತ್ತಿತ್ತು. ಥೂ! ಬೆಳಗಿನಿಂದ ಇದನ್ನು ತೂಗಾಡಿಸಿಕೊಂಡು ಮೂವತ್ತೊಂದು ಜನಕ್ಕೆ ನೆಲದ ಪಾವಿತ್ರ್ಯ ಹೇಳಿದ್ದ. ಬರ್ನೀಸ್ ನಕ್ಕಿದ್ದು ಇದಕ್ಕೇ. ಮುದುಕ ತಲೆ ನೋಡಿದ್ದೂ ಇದಕ್ಕೇ. ಚೀಟಿಯನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡ. ಆ ಗಲಿಬಿಲಿಯಲ್ಲಿ, ಅಭ್ಯಾಸ ಮಾಡಿಕೊಂಡು ಬಂದ ಮಾತೆಲ್ಲ ಕಲಸಿಹೋಗಿ, "ಹೌದು, ಆ ದಿಬ್ಬ ಉತ್ತಿದ್ದಿದೆ" ಎಂದುಬಿಟ್ಟ.

ಮಾರ್ಲಿಸ್ ಎದ್ದು ಅವನ ಬೆನ್ನ ಹಿಂದಿನ ಬಾಗಿಲು ಮುಚ್ಚಿದಳು. "ಕೂತ್ಕೊಳ್ಳಿ ಎಲ್ಡನ್. ಮೆಲ್ಲಗೆ ಮಾತಾಡಿ." ಅವನು ಕೂರಲಿಲ್ಲ. "ನಂಗೊತ್ತು" ಎಂದಳು. "ಬಂದ ವರ್ಷ ಅಕ್ಟೋಬರಲ್ಲೇ ಗೊತ್ತಾಯ್ತು. ಹುಲ್ಲಿನ ಬಗ್ಗೆ ಓದಿಕೊಂಡು ಬಂದವಳು ನಾನು, ಅಷ್ಟೂ ತಿಳಿಯಲ್ವಾ?"

"ಮತ್ತೆ ಯಾಕೆ ಕೇಳ್ಲಿಲ್ಲ?"

"ಏನಂತ ಕೇಳ್ಲಿ? ನೀವು ಅಷ್ಟು ಚೆನ್ನಾಗಿ ಹೇಳ್ತೀರ. ಜನ ಬರೋದು ಹಲಗೆ ಮೇಲಿನ ಆ ಒಂದು ಮಾತಿಗೆ. ಬರೋ ವಸಂತಕ್ಕೆ ರಾಜ್ಯದ ಮಾನ್ಯತೆ ಬೇರೆ ಬರುತ್ತೆ. ನೂರರವತ್ತರಲ್ಲಿ ಹನ್ನೊಂದು ಎಕರೆ. ನಿಮ್ಮ ತಂದೆ ಏನೋ ಕಷ್ಟಕಾಲಕ್ಕೆ ಉತ್ತಿರ್ಬೇಕು, ಪಾಪ, ಯಾರು ಮಾಡಲ್ಲ ಹೇಳಿ." ಎಲ್ಡನ್ ಮುಷ್ಟಿಯೊಳಗಿನ ಚೀಟಿಯನ್ನು ಮುದುಡಿದ. ಅವಳು ಮುಂದುವರಿಸಿದಳು: "ಈಗ ಗ್ರೆಚನ್ ಅಲ್ಲಿ ಮಣ್ಣು ತೆಗೆದಿದ್ದಾಳೆ. ನೇಗಿಲು ಇಳಿದ ಗೆರೆ ಕಾಣ್ತಾ ಇದೆಯಂತೆ. ಒಳ್ಳೇ ಹುಡುಗಿ, ಆದ್ರೆ ಪುಸ್ತಕದ ಬದನೆಕಾಯಿ. ನೀವೊಂದು ಮಾತು ಹೇಳಿ ಅವಳಿಗೆ. ಅಲ್ಲಿ ಹಿಂದೆ ಹಂದಿ ದೊಡ್ಡಿ ಇತ್ತು, ಹಂದಿಗಳು ನೆಲ ಕೆದಕಿದ್ವು ಅಂತ. ನಿಮ್ಮ ಬಾಯಿಂದ ಬಂದ್ರೆ ಬರ್ಕೋತಾಳೆ." "ಸುಳ್ಳು ಹೇಳು ಅಂತೀರಿ." "ಸುಳ್ಳಲ್ಲ ಎಲ್ಡನ್" ಎಂದು ಅವಳು ನಕ್ಕಳು, "ಇಪ್ಪತ್ತು ವರ್ಷದಿಂದ ನೀವು ಪಡುವಣ ದಾರಿಯಲ್ಲೇ ಕರ್ಕೊಂಡು ಹೋಗ್ತೀರಲ್ಲ, ಅಂಥದ್ದೇ ಇದೂ."

ನಾಚಿಕೆ ಎಂದರೆ ಇದು. ಸಿಕ್ಕಿಬೀಳುತ್ತೇನೆಂದು ಇಪ್ಪತ್ತು ಅಕ್ಟೋಬರ್ ಹೆದರಿದ್ದ. ಸಿಕ್ಕಿಬಿದ್ದು ಹನ್ನೆರಡು ವರ್ಷವಾಗಿತ್ತು. ಅವನು ಬೆಕ್ಕಿನ ಹಾಗೆ ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದ್ದರೆ, ಈ ಹೆಂಗಸು ಬಟ್ಟಲು ತುಂಬಿಸುತ್ತಿದ್ದಳು. ಹೊರಬಂದು ಹಜಾರ ದಾಟಿದ. "ಚೀಟಿ ಕಿತ್ಯಾ?" ಎಂದಳು ಬರ್ನೀಸ್. "ಕಿತ್ತೆ." "ಹೇಳೋಣಾಂತಿದ್ದೆ, ನಿನ್ನ ಮುಖ ನೋಡಿ ಧೈರ್ಯ ಬರ್ಲಿಲ್ಲ. ಸಾವಿನ ಮನೆಗೆ ಹೊರಟೋನ ಹಾಗಿತ್ತು." ಅವನು ತಟ್ಟೆಯಿಂದ ಒಂದು ಕೊಲಾಚಿ ತೆಗೆದುಕೊಂಡ. ತಿನ್ನಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಅಂಗಳಕ್ಕೆ ಇಳಿದ.

ಗ್ರೆಚನ್ ಗಾಡಿಯ ಹಿಂದಿನ ಹಲಗೆ ಇಳಿಸಿ ಅದರ ಮೇಲೆ ಕೂತಿದ್ದಳು. ತಾಡಪಾಲು ತೆಗೆದಿತ್ತು. ಪೆಟ್ಟಿಗೆಯಲ್ಲಿ ಮೂರು ಅಡಿ ಉದ್ದದ ಮಣ್ಣಿನ ಕಂಬಗಳು, ಒಂದೊಂದಕ್ಕೂ ಚೀಟಿ. ಅವನನ್ನು ಕಂಡು ಎದ್ದು ನಿಂತಳು. ಮುಖ ಕೆಂಪಗಾಗಿತ್ತು. "ವಾವ್ರಾ ಅವ್ರೆ, ನಿಮ್ಹತ್ರ ಒಂದ್ಮಾತು ಹೇಳ್ಬೇಕು. ವಾರದಿಂದ ಹೇಳಣ ಅನ್ಕೊಂಡು, ಆಗ್ತಾ ಇಲ್ಲ." ಇದೂ ಒಂದು ಬಲೆಯೇ ಇರಬಹುದು. "ನೀವು ಈ ಜಾಗವನ್ನ ಎಷ್ಟು ಹಚ್ಚಿಕೊಂಡಿದ್ದೀರ ಅಂತ ಗೊತ್ತು. ಮೊದಲ ದಿನ ನೀವು ನಿಮ್ಮಜ್ಜನ ಕಥೆ ಹೇಳಿದ್ರಲ್ಲ, ನಾನು ಮನೆಗೆ ಹೋಗಿ ಅಮ್ಮನಿಗೆ ಫೋನ್ ಮಾಡಿ ಹೇಳ್ದೆ. ಅದಕ್ಕೇ ನಿಮ್ಮ ಮುಖ ನೋಡೋಕಾಗ್ದೆ ಓಡಾಡ್ತಿದ್ದೆ. ಈ ದಿಬ್ಬ, ಉತ್ತಿದ್ದಾರೆ. ನಿಮಗೆ ಗೊತ್ತಿಲ್ಲ ಅನ್ಸುತ್ತೆ. ನಿಮ್ಮ ತಂದೆಯವರು ನಿಮ್ಮಿಂದ ಮುಚ್ಚಿಟ್ಟಿರ್ಬೇಕು." ಅವಳ ಕಣ್ಣಲ್ಲಿ ನೀರಿತ್ತು. ಎಲ್ಡನ್ ಆ ನೀರನ್ನೂ ಅನುಮಾನದಿಂದಲೇ ನೋಡಿದ. ಎಷ್ಟು ಹೊತ್ತು ನೋಡಿದರೂ ಅದು ನೀರೇ ಆಗಿತ್ತು. ಬೆಳಗಿನಿಂದ ಕಳ್ಳಿಯೆಂದು ಎಣಿಸಿದ್ದು ಇವಳನ್ನು.

"ಬೇರೆ ಏನಾದ್ರೂ ಕಾರಣ ಇದ್ರೆ ಹೇಳಿ" ಎಂದು ಅವಳು ಪುಸ್ತಕ ತೆರೆದು ಪೆನ್ಸಿಲ್ ಹಿಡಿದಳು. "ಹಿಂದೆ ಏನಾದ್ರೂ ದೊಡ್ಡಿ ಗಿಡ್ಡಿ ಇದ್ದಿರ್ಬಹುದು ಅಂದ್ರು ಮಾರ್ಲಿಸ್. ನೀವು ಹಾಗಂದ್ರೆ ನಾನು ಹಾಗೇ ಬರ್ಕೋತೀನಿ. ನಿಮ್ಮ ಮಾತು ನಂಗೆ ಸಾಕು."

ಎಷ್ಟು ಸುಲಭ! ಹಂದಿಗಳು ಎಂದರೆ ಮುಗಿಯಿತು. ಅದೂ ಬೇಡ, ಸುಮ್ಮನೆ ತಲೆಯಾಡಿಸಿ ನಿಟ್ಟುಸಿರು ಬಿಟ್ಟರೂ ಸಾಕು, ಸತ್ತ ಮನುಷ್ಯನ ಮೇಲೆ ಎಲ್ಲ ಬಿದ್ದುಹೋಗುತ್ತದೆ. ಆತ ಸಹಿ ಹಾಕಿಯೇ ಇದ್ದಾನಲ್ಲ. ಎಲ್ಡನ್ ಕೊಲಾಚಿಯನ್ನು ಹಲಗೆಯ ಮೇಲಿಟ್ಟು ಮಣ್ಣಿನ ಕಂಬದ ಮೇಲೆ ಬಗ್ಗಿದ. ಮೇಲೆ ಸಡಿಲವಾದ ಕಪ್ಪು, ಕೆಳಗೆ ಬಿಗಿಯಾದ ಕಪ್ಪು. ನಡುವೆ ಅಳತೆಪಟ್ಟಿ ಇಟ್ಟು ಎಳೆದಂಥ ಗೆರೆ. ಐವತ್ತೆಂಟು ವರ್ಷದ ಬೇರುಗಳು ಆ ಗೆರೆಯನ್ನು ದಾಟಿ ಇಳಿದಿದ್ದವು, ಅಳಿಸಿರಲಿಲ್ಲ. ಹೆಬ್ಬೆರಳನ್ನು ಗೆರೆಯ ಮೇಲಿಟ್ಟ. ಮಣ್ಣು ತಣ್ಣಗಿತ್ತು. ಕರಿ ಕೋಟಿನ ಅಪ್ಪ ಹೆಂಟೆಯನ್ನು ತಟ್ಟಿದ್ದು ನೆನಪಾಯಿತು.

"ಎಷ್ಟಿದೆ, ಅಳೆದ್ಯಾ?"

"ಏಳೂವರೆ ಇಂಚು. ಹನ್ನೆರಡು ಕಡೆ ತೆಗ್ದೆ, ಎಲ್ಲ ಕಡೆ ಅಷ್ಟೇ."

"ನಮ್ಮಪ್ಪ ಹುಟ್ಟಿದಾಗಿನಿಂದ ಸಾಯೋವರೆಗೆ ನೇಗಿಲನ್ನ ಆರಿಂಚು ದಾಟಿಸಿದೋನಲ್ಲ" ಎಂದ ಎಲ್ಡನ್. "ಬರ್ಕೋಮ್ಮ. ಅರವತ್ತಾರನೇ ಇಸವಿ, ಮೇ ತಿಂಗಳು. ಉತ್ತಿದ್ದು ನಾನು. ಅಪ್ಪ ಅವತ್ತು ಊರಲ್ಲೇ ಇರ್ಲಿಲ್ಲ."